ಹತ್ತು ನಲವತ್ತು

ನಮ್ಮ ದ್ವೀಪಕ್ಕೆ ದಾರಿಯಿರುವುದು ದಿನಕ್ಕೆರಡು ಸಲ.
ಕಡಲು ಇಳಿದಾಗ ಪಾಚಿ ಹತ್ತಿದ ಕಲ್ಲುಹಾಸು ಮೇಲೇಳುತ್ತದೆ,
ಏರಿದಾಗ ಇತ್ತೆಂಬ ಗುರುತೂ ಇಲ್ಲ.
ಬ್ರಿಟ್ಟನಿಯ ಈ ದಡದಲ್ಲಿ, ಗೇಟಿನ ಕರಿಹಲಗೆಗೆ
ಮೂವತ್ತೊಂದು ವರ್ಷದಿಂದ ಸೀಮೆಸುಣ್ಣ ಹಿಡಿದವನು ನಾನು:
ಇಂದು ಏಳು ಹತ್ತರಿಂದ ಹತ್ತು ನಲವತ್ತರವರೆಗೆ.

ತಂಗಿಯ ಮೊಮ್ಮಗಳು ಎನೋರಾ, ಹದಿನೈದು ತುಂಬಿಲ್ಲ,
ಶಾಲೆಯ ಬಸ್ಸಿಗೆ ಕಾಯುತ್ತ ಕೇಳಿದಳು:
‘ವರೆಗೆ’ ಅಂದರೆ? ಹತ್ತು ನಲವತ್ತು
ಒಳಗೋ, ಹೊರಗೋ?

ನಕ್ಕೆ. ಆಮೇಲೆ ನಗು ಗಂಟಲಲ್ಲೇ ನಿಂತಿತು.
ಪಾದ್ರಿ ಕೇಳಿರಲಿಲ್ಲ, ಹಾಲಿನ ಲಾರಿಯವನು ಕೇಳಿರಲಿಲ್ಲ.
ಸಿಂಪಿ ಹೆಕ್ಕುವ ಹೆಂಗಸರಂತೂ
ನೀರಿನ ಬಣ್ಣ ನೋಡಿ ನಡೆಯುವವರು,
ಹಲಗೆಯತ್ತ ಕಣ್ಣೆತ್ತಿದವರಲ್ಲ.

ಅವಳು ಕೊಡೆಯ ಮೊನೆಯಿಂದ ಹಸಿ ಮರಳಲ್ಲಿ ಗೆರೆ ಎಳೆದಳು,
ಎರಡೂ ತುದಿಗೆ ಬಾಣ:
‘ಇದು ನಿನ್ನ ಗೇಟಿಗೆಂದು ನಿಲ್ಲುವ ರೇಖೆಯಲ್ಲ, ಅಜ್ಜ.’
ಏಳು ಹತ್ತರ ಮೇಲೆ ಕಪ್ಪು ಚಿಪ್ಪೊಂದನ್ನು ಕವುಚಿಟ್ಟಳು,
ಹತ್ತು ನಲವತ್ತರ ಮೇಲೆ
ನೆತ್ತಿ ಸವೆದು ಬಳೆಯಾದ ಚಿಪ್ಪು.

‘ಕಪ್ಪಿನ ಮೇಲೆ ಕಾಲಿಡು, ಅದು ನಿನ್ನದೇ.
ಬಳೆಯ ಹತ್ತಿರ ಎಷ್ಟು ಬೇಕಾದರೂ ಹೋಗು, ಒಳಗೆ ಹೆಜ್ಜೆಯಿಲ್ಲ.
ಹತ್ತು ಮೂವತ್ತೊಂಬತ್ತು ಸರಿ,
ಆ ನಿಮಿಷದ ಐವತ್ತೊಂಬತ್ತನೆಯ ಸೆಕೆಂಡೂ ಸರಿ,
ಆಮೇಲೂ ಒಂದು ಚೂರು, ಚೂರಿನಲ್ಲೊಂದು ಚೂರು.
ಕೊನೆಯ ಗಳಿಗೆ ಯಾವುದೆಂದು ಮಾತ್ರ ಕೇಳಬೇಡ.
ಅಂಥದ್ದಿಲ್ಲ.’

ಸುಣ್ಣ ಕಿತ್ತುಕೊಂಡು ಹಲಗೆಯ ಮೇಲೆ ಬರೆದಳು:

[ ೭.೧೦ ; ೧೦.೪೦ [   ∪   [ ೧೯.೩೫ ; ೨೩.೦೫ [

ನಡುವೆ ಒಂದು ಬಟ್ಟಲು. ಬೆಳಗಿನ ದಾರಿ, ಸಂಜೆಯ ದಾರಿ
ಎರಡನ್ನೂ ಒಂದೇ ಮಾತಿನಲ್ಲಿ ಹಿಡಿಯಲು.
ಬೇರೆ ದೇಶದಲ್ಲಿ ಬಾಗಿದ ಆವರಣ ಹಾಕುವರಂತೆ,
ನಮ್ಮಲ್ಲಿ ಚೌಕವೇ ಬೆನ್ನು ತಿರುಗಿಸಿ ಕೂರುತ್ತದೆ,
ಎದುರಿನ ಕೆಫೆಯಲ್ಲಿ ತಾಂಗಿ ಕೂರುವ ಹಾಗೆ.

ತಾಂಗಿ. ಅಂಚೆಯ ಹಳದಿ ವ್ಯಾನು.
ಹತ್ತೊಂಬತ್ತು ವರ್ಷದ ಹಿಂದಿನ ನವೆಂಬರ್,
ಅಂದಿನ ಹಲಗೆಯಲ್ಲೂ ಇದ್ದದ್ದು ಹತ್ತು ನಲವತ್ತೇ.
ಬಂದು ನಿಂತ. ನನ್ನ ಗಡಿಯಾರ ನೋಡಿದೆ: ಸರಿಯಾಗಿ ಹತ್ತು ನಲವತ್ತು.
ಬರೆದದ್ದು ‘ವರೆಗೆ’. ಗೇಟು ಎತ್ತಿದೆ.

ಆರು ಗಂಟೆ ಅವನು ರಕ್ಷಣಾ ಕಂಬವನ್ನು ತಬ್ಬಿಕೊಂಡಿದ್ದ.
ಈಸ್ಟರ್ ಕಳೆದರೂ ನಮ್ಮ ಮರಳಲ್ಲಿ
ಯಾರ್ಯಾರದೋ ಕಾಗದ ಸಿಗುತ್ತಿದ್ದವು,
ಶಾಯಿ ತೊಳೆದು ಹೋದ ಕಾಗದ.
ಅಂದಿನಿಂದ ನನ್ನೊಡನೆ ಮಾತಿಲ್ಲ.

ಬಸ್ಸು ಬಂತು, ಎನೋರಾ ಹೋದಳು.
ಹಲಗೆ ಒರೆಸಲು ಮನಸ್ಸಾಗಲಿಲ್ಲ.
ಹತ್ತೂ ಮೂವತ್ತಕ್ಕೆ ಗೇಟಿನ ಬಳಿ ನೆರಳೊಂದು,
ಮೊಣಕಾಲು ಹಿಡಿದು ನಿಂತ ತಾಂಗಿ:
‘ಇದೇನು, ಕೊನೆಯದನ್ನು ತಿರುಗುಮುರುಗಾಗಿ ಬರೆದಿದ್ದೀಯ?’

‘ಹತ್ತು ನಲವತ್ತು ಹೊರಗೆ ಅಂತ,’ ಎಂದೆ.
‘ನನಗೆ ಇವತ್ತು ಬೆಳಿಗ್ಗೆ ಗೊತ್ತಾಯಿತು.’

ಬಹಳ ಹೊತ್ತು ಮರಳು ನೋಡಿದ.
‘ನನಗೆ ಅವತ್ತೇ ಗೊತ್ತಿತ್ತು,’ ಎಂದ,
‘ನೀರಿನ ಬಣ್ಣ ನೋಡಿದ್ದೆ.
ನೀನು ಗೇಟು ಎತ್ತಿದೆಯಲ್ಲ, ಅದಕ್ಕೇ ಹೋದೆ.’

ನೀರು ಮೊದಲು ಕಪ್ಪು ಚಿಪ್ಪನ್ನು ಎತ್ತಿತು.
ಬಳೆ ಇನ್ನೊಂದಿಷ್ಟು ಹೊತ್ತು
ಇದ್ದಲ್ಲೇ ಇತ್ತು, ನಡುವೆ ನೀರು ತುಂಬಿಕೊಂಡು.
ನಾವಿಬ್ಬರೂ ಗಡಿಯಾರ ನೋಡಲಿಲ್ಲ.