ಮೊಳ

ಫೆಬ್ರವರಿ. ಶ್ರೀರಾಮಪುರದ ಸರ್ಕಾರಿ ಪ್ರೌಢಶಾಲೆ,
ಮೊದಲ ಮಹಡಿ, ಫ್ಯಾನು ತಿರುಗದ ಕೋಣೆ.
ನನ್ನ ಕೈಯಲ್ಲಿ ಕಚೇರಿಯ ಟ್ಯಾಬ್ಲೆಟ್ಟು,
ಮೂಲೆಯೊಡೆದ ಗಾಜಿಗೊಂದು ಟೇಪು.
ಇಪ್ಪತ್ತೆರಡು ಪ್ರಶ್ನೆ, ತಲೆಗೆ ಹನ್ನೆರಡು ನಿಮಿಷ.
ಜೂನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಬೇಕು,
ಅದೇ ಪದ, ಅದೇ ದನಿ.
ನಗಬಾರದು. ತಲೆಯಾಡಿಸಬಾರದು.

'ನಾಲ್ಕು ಜನರ ಮುಂದೆ ನಾನು ಧೈರ್ಯವಾಗಿ ಮಾತಾಡಬಲ್ಲೆ.'
ಒಂದು ಅಂದರೆ ಇಲ್ಲವೇ ಇಲ್ಲ, ಐದು ಅಂದರೆ ಖಂಡಿತ.

ಪ್ರಶ್ನೆ ಮುಗಿಯುವ ಮೊದಲೇ ಇಮ್ದಾದ್ ಐದನ್ನೊತ್ತಿದ,
ಇಪ್ಪತ್ತೆರಡಕ್ಕೂ ಐದು;
ಕೆಳಗೆ ಬ್ಯಾಟಿಂಗಿಗೆ ಅವನ ಸರದಿ ಬಂದಿತ್ತು.
ಜೋಯಲ್ ಕೇಳಿದ, 'ನಾಲ್ಕು ಜನ ಅಂದ್ರೆ ಯಾರ್ಯಾರು ಮಿಸ್?'
ಕೈಪಿಡಿ ತಿರುವಿದೆ. ಅದರಲ್ಲಿ ಇರಲಿಲ್ಲ.

ಆಮೇಲೆ ಕುಮುದವಲ್ಲಿ, ಒಂಬತ್ತನೇ ಬಿ.
ಜೂನಿನ ಉತ್ತರ ನನ್ನ ಪರದೆಗೆ ಬರುವುದಿಲ್ಲ, ಆದರೂ ನೆನಪಿದೆ:
ಮಗ್ಗಿ ಒಪ್ಪಿಸುವ ಹಾಗೆ, ಗೋಡೆ ನೋಡುತ್ತಾ, ಐದು ಎಂದಿದ್ದಳು.
ಈಗ ಬೆರಳು ಐದರ ಮೇಲೆ ಸುಳಿದು
ನಾಲ್ಕಕ್ಕೆ ಬಂದು, ಮೂರನ್ನು ದಾಟಿ
ಎರಡರ ಹತ್ತಿರ ನಿಂತಿತು.
'ಎರಡಾ?' ಕೇಳಬಾರದಿತ್ತು, ಕೇಳಿಬಿಟ್ಟೆ.
'ಆಗ ಯಾವತ್ತೂ ಮಾತಾಡಿರ್ಲಿಲ್ಲ ಮಿಸ್,
ಅದಕ್ಕೇ ಐದು.'

ಮಾತಾಡಿದ್ದು ನವೆಂಬರಿನಲ್ಲಂತೆ.
ಹುಡುಗಿಯರ ಶೌಚಾಲಯಕ್ಕೆ ಚಿಲಕವಿರಲಿಲ್ಲ,
ಒಬ್ಬಳು ಒಳಗಿದ್ದರೆ ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು.
ಶಾಲೆಯ ಸಮಿತಿ ಸಭೆಯಲ್ಲಿ ಎದ್ದು ನಿಂತಳು,
ಚೀಟಿಯಲ್ಲಿ ಬರೆದುಕೊಂಡಿದ್ದು ಆರು ಸಾಲು,
ಬಾಯಿಂದ ಬಂದದ್ದು ಎರಡು.
'ಜೋರಾಗಿ ಹೇಳಮ್ಮ' ಎಂದರು ಯಾರೋ;
ಕೂತುಬಿಟ್ಟಳು. ಕೂತ ಮೇಲೂ ಮಂಡಿ ನಡುಗುತ್ತಿತ್ತು.

ಮೂರು ವಾರಕ್ಕೆ ಚಿಲಕ ಬಂತು.
ಅವಳಿಂದ ಬಂತೋ, ಇನ್‌ಸ್ಪೆಕ್ಷನ್ ಇತ್ತೆಂದು ಬಂತೋ
ಹೇಳುವವರಿಲ್ಲ.
ನಾನು ಹೋಗಿ ಹಾಕಿ ನೋಡಿದೆ, ಸ್ವಲ್ಪ ಬಿಗಿ,
ಎತ್ತಿ ತಳ್ಳಬೇಕು.
ಇಪ್ಪತ್ತೆರಡರಲ್ಲಿ ಚಿಲಕದ ಪ್ರಶ್ನೆ ಇರಲಿಲ್ಲ.

ಸಂಜೆ ಮೆಟ್ರೋ ಕಂಬದ ಕೆಳಗೆ ಅವಳೇ ಸಿಕ್ಕಳು,
ಯೂನಿಫಾರಂ ಮೇಲೆ ಅಣ್ಣನ ಶರ್ಟು,
ತಾಯಿ ಅಂಜಲೈ ಪಕ್ಕ, ಬುಟ್ಟಿಯಲ್ಲಿ ಕಾಕಡ, ಮರುಗ.
ಎರಡು ಮೊಳ ಕೇಳಿದೆ.
ಮೊಣಕೈಯಿಂದ ನಡುಬೆರಳ ತುದಿಗೆ ಹೂ ಎಳೆದು ಹಿಡಿದಳು.
'ಏಯ್, ನೀನು ಅಳೀಬೇಡ' ಅಂಜಲೈ ಕಸಿದುಕೊಂಡರು.
'ನೋಡಿ ಮೇಡಂ, ಹೋದ ವರ್ಷ ನನ್ನ ಮೊಳಕ್ಕಿಂತ
ಎರಡು ಬೆರಳು ಗಿಡ್ಡ ಇತ್ತು ಇವಳದು, ಲಾಭ ಇತ್ತು.
ಈಗ ಕೈ ಬೆಳೆದುಬಿಟ್ಟಿದೆ,
ಇವಳು ಅಳೆದ್ರೆ ಬುಟ್ಟಿಗೆ ನಾಲ್ಕು ಮೊಳ ಕಮ್ಮಿ ಬರುತ್ತೆ.'
ಕುಮುದ ತನ್ನ ಕೈಯನ್ನೇ ನೋಡಿಕೊಂಡಳು,
ಯಾರದೋ ಕೈ ಎಂಬಂತೆ.

ದೊಮ್ಮಲೂರಿನ ಕಚೇರಿ, ಸೋಮವಾರ.
ಗೋಡೆಯ ಮೇಲೆ ಗೀಟು ಇಳಿದಿದೆ:
ಧೈರ್ಯ, ನಾಲ್ಕು ಪಾಯಿಂಟ್ ಒಂದರಿಂದ ಮೂರು ಪಾಯಿಂಟ್ ನಾಲ್ಕಕ್ಕೆ.
'ವರ್ಷವಿಡೀ ತರಬೇತಿ ಕೊಟ್ಟು ಧೈರ್ಯ ಕಳೆದೆವೇ?'
ಇಂದುಶೇಖರ್ ನಗಲಿಲ್ಲ.
ದುಡ್ಡು ಕೊಟ್ಟವರಿಗೆ ಶುಕ್ರವಾರದೊಳಗೆ ಕಾರಣ ಬೇಕು.
ಇಮ್ದಾದನ ಐದುಗಳನ್ನು ಯಾರೋ ಹೊಗಳಿದರು.

ಅಡಿಟಿಪ್ಪಣಿ ಬರೆದುಕೊಂಡು ಹೋಗಿದ್ದೆ, ಆರು ಸಾಲು.
ಅಳತೆಗೋಲೂ ಬೆಳೆಯುತ್ತದೆ ಎಂದು ಏನೇನೋ,
ನಿನ್ನೆ ರಾತ್ರಿ ಚೆನ್ನಾಗಿತ್ತು,
ಈಗ ಕೈಯಲ್ಲಿ ಬೆವೆತ ಕಾಗದ.
ಮೇಜಿನ ಸುತ್ತ ಎಣಿಸಿದೆ:
ಇಂದುಶೇಖರ್, ಲೆಕ್ಕದ ಫ್ಲೇವಿಯಾ, ಇಬ್ಬರು ಹೊಸಬರು.
ನಾಲ್ಕು ಜನ.

ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು.
'ಒಂದು ಚಿಲಕದ ವಿಷಯ' ಎಂದೆ.
'ಸ್ವಲ್ಪ ಜೋರಾಗಿ' ಎಂದಳು ಫ್ಲೇವಿಯಾ.

ಎರಡು, ಎಂದುಕೊಂಡೆ ಒಳಗೆ.
ಎರಡೂವರೆ.