ಬಾರಿಸಿ ನೋಡಿದ್ದು

ಓಹಾಕಾಕ್ಕೆ ಬಂದು ನಾಲ್ಕು ವರ್ಷ.
ಹೊರಡಲು ಇನ್ನು ಹತ್ತೊಂಬತ್ತು ದಿನ.
ಮೊದಮೊದಲು ಪ್ರತಿ ಬೆಲೆಯನ್ನೂ ಐದರಿಂದ ಗುಣಿಸಿ
ರೂಪಾಯಿ ಮಾಡಿಕೊಂಡು ಬೆಚ್ಚುತ್ತಿದ್ದವಳು
ಯಾವಾಗ ಲೆಕ್ಕ ಬಿಟ್ಟೆನೋ ಗೊತ್ತಿಲ್ಲ.

ಕೈಯಲ್ಲಿ ಪಟ್ಟಿ.
ಭಾರ ಇರಬಾರದು, ಒಡೆಯಬಾರದು,
ಅಗ್ಗದ್ದು ಅನ್ನಿಸಬಾರದು,
ಅಲ್ಲಿಯದೇ ಎಂದು ನೋಡಿದೊಡನೆ ತಿಳಿಯಬೇಕು,
ಕನ್ನಡಕದ ಅತ್ತಿಗೆಗೆ ತಲೆಬುರುಡೆ ಮಾತ್ರ ಬೇಡ.
ಹೀಗೆ ಹನ್ನೊಂದು ಮಂದಿ.

ಸಾನ್ ಬಾರ್ತೊಲೊದಲ್ಲಿ ಇಳಿದರೆ ಬೀದಿಗುಂಟ ಕಪ್ಪು ಮಣ್ಣು:
ಕಪ್ಪು ಗೂಬೆ, ಕಪ್ಪು ಮತ್ಸ್ಯಕನ್ಯೆ,
ಬೇಡವೆಂದ ತಲೆಬುರುಡೆಗಳೇ ಸಾಲು ಸಾಲು,
ಹಣೆ ತಿದ್ದಿಕೊಳ್ಳಬಹುದಾದಷ್ಟು ನುಣುಪು.
‘ಏನು ಬೇಕು, ಮಾರ್ಚಾಂತಾ?’ ಎಂದಳು ಎಲ್ಪಿದಿಯಾ.
ಇಲ್ಲಿ ಮಾರುವವಳೂ ಮಾರ್ಚಾಂತಾ, ಕೊಳ್ಳುವವಳೂ ಮಾರ್ಚಾಂತಾ.
ಒಂದೇ ಹೆಸರಿನ ಇಬ್ಬರು ಹೆಂಗಸರು
ಚೌಕಾಸಿಗೆ ಕೂತೆವು.

ಅರ್ಧ ಗಂಟೆಯಲ್ಲಿ ಹತ್ತು ಮುಗಿದವು.
ಹನ್ನೊಂದನೆಯದಕ್ಕೆ ಸಣ್ಣ ನಡುವಿನ ಹೂಜಿ ಎತ್ತಿ
‘ನೀರು ಹಾಕಬಹುದಾ?’ ಎಂದೆ.
ಮೊಮ್ಮಗ ನಾಹುಮ್ ಕಿಸಕ್ಕೆಂದ.
‘ಅದು ನೋಡೋಕೆ ತಾಯಿ.
ರಾತ್ರಿ ತುಂಬಿಸಿಟ್ಟರೆ ಬೆಳಗ್ಗೆ ನೀರೆಲ್ಲ ಮೇಜಿನ ಮೇಲೆ.
ಹೊಳಪು ಬೇಕೆಂದರೆ ಬೆಂಕಿಯಿಂದ ಬೇಗ ತೆಗೀಬೇಕು.
ನೀರು ನಿಲ್ಲಬೇಕೆಂದರೆ ಇನ್ನೂ ಬೇಯಬೇಕು,
ಬೆಂದರೆ ಹೊಳಪು ಹೋಯ್ತು.’
ಇದನ್ನೊಂದು ಗಾದೆ ಮಾಡಿಕೊಂಡು ಹೋಗಬೇಡ
ಎಂದು ನನಗೆ ನಾನೇ ಗದರಿಕೊಂಡೆ.

ಹಿತ್ತಲಲ್ಲಿ, ಜೋಳದ ಮೂಟೆಯ ಮರೆಗೆ,
ಯಾರೂ ಕೇಳದ ಬೂದು ಬಣ್ಣದ ಕೊಡ.
ಒಂದು ಕಡೆ ಹೊಗೆಯ ಕಲೆ. ಕೋಳಿಯೊಂದು ಅದಕ್ಕೊರಗಿ ಕೂತಿತ್ತು.
ಕೋಳಿಯನ್ನು ಅಟ್ಟಿ, ಬಗ್ಗಿ,
ನಾನು ಯೋಚಿಸುವ ಮೊದಲೇ ಬೆರಳು ಮಡಚಿಕೊಂಡು
ಟಣ್ ಟಣ್ ಎನ್ನಿಸಿತು.

ಎಲ್ಪಿದಿಯಾಳ ಹುಬ್ಬು ಮೇಲೇರಿತು.
‘ಗೊತ್ತಿದೆ ನಿನಗೆ! ನಿಮ್ಮೂರಲ್ಲೂ ಮಾಡ್ತಾರಾ?’
ಮಾಡ್ತಾರೆ ಎಂದೆ.
‘ಯಾರು?’
ಯಾರು. ಬೇಸಿಗೆಗೊಂದು ಮಡಕೆ ಬರುತ್ತಿತ್ತು,
ಮರಳಿನ ಮೇಲೆ ಕೂರುತ್ತಿತ್ತು, ಒದ್ದೆ ಬಟ್ಟೆ ಹೊದೆಯುತ್ತಿತ್ತು,
ಅಜ್ಜಿ ಮೂರು ಬಾರಿಸಿ ಒಂದು ಆರಿಸುತ್ತಿದ್ದಳು.
ಹೊತ್ತು ತಂದವನು ಬಾಗಿಲ ಹೊರಗೇ ನಿಲ್ಲುತ್ತಿದ್ದ.
‘ಕುಂಬಾರ’ ಎಂದೆ.
ಜಾತಿಯನ್ನು ಆಳಿನ ಹೆಸರೆಂದುಕೊಂಡು
ಅವಳು ನಾಲಿಗೆಗೆ ಒಗ್ಗಿಸಿಕೊಂಡಳು:
‘ಕುಂಬಾರೊ. ಕುಂಬಾರೊ. ಬದುಕಿದ್ದಾನಾ?’
ಹೂಂ ಎಂದುಬಿಟ್ಟೆ.

ಒಳಗೆ ಹೋಗಿ ಹೆಬ್ಬೆರಳಷ್ಟು ದೊಡ್ಡ ಹಕ್ಕಿ ತಂದಳು.
ಬಾಲಕ್ಕೆ ಊದಿದರೆ ಸೀಟಿ.
‘ಇದು ಅವನಿಗೆ. ದುಡ್ಡು ಬೇಡ.
ನಮ್ಮಲ್ಲಿ ಚಕ್ರ ಇಲ್ಲ ಅಂತ ಹೇಳು,
ಬೋರಲು ತಟ್ಟೆ ಮೇಲೆ ಇನ್ನೊಂದು ತಟ್ಟೆ ಇಟ್ಟು ತಿರುಗಿಸ್ತೀವಿ.
ನಗ್ತಾನೆ ನೋಡು.’

ಹಿಂದಿರುಗುವ ಟ್ಯಾಕ್ಸಿಯಲ್ಲಿ ಐದು ಜನ ಮತ್ತು ಕೊಡ.
ವಿಮಾನಕ್ಕೆ ಒಯ್ಯಲಾರೆ ಎಂದು ಗೊತ್ತಿದ್ದೂ ಕೊಂಡ ಕೊಡ,
ತೊಡೆಯ ಮೇಲೆ ಬೇರೆಯವರ ಮಗುವಿನಂತೆ.
ಪಕ್ಕದ ಮುದುಕ ಕೇಳದೆಯೇ ಬೆರಳು ಮಡಚಿ ಬಾರಿಸಿದ,
ಕಿವಿಯಿಟ್ಟ, ತಲೆಯಾಡಿಸಿದ.
ಮುಂದಿನ ಸೀಟಿನ ಹೆಂಗಸು ತಿರುಗಿ ಕೈ ಚಾಚಿ
ತಾನೂ ಒಮ್ಮೆ ಬಾರಿಸಿದಳು.
‘ಒಳ್ಳೆ ಕೈ’ ಎಂದ ಮುದುಕ. ‘ಯಾರದು?’
‘ಎಲ್ಪಿದಿಯಾ’ ಎಂದೆ ತಕ್ಷಣ, ಜೋರಾಗಿ,
ಪಾಠ ಒಪ್ಪಿಸುವ ಹುಡುಗಿಯ ಹಾಗೆ.

ಆಮೇಲೆ ಪಟ್ಟಿ ಬಿಚ್ಚಿ ಬರೆದುಕೊಂಡೆ:
ಹನ್ನೆರಡು. ಹಕ್ಕಿ.
ಮುಂದೆ ಹೆಸರಿಗೆ ಜಾಗ ಬಿಟ್ಟೆ.