ಮೂಲ

ಬೆಳಿಗ್ಗೆ ಎಂಟೂವರೆಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ಮುಖಕ್ಕೆ ಬಡಿಯುವುದು ಮೂವತ್ತೇಳು ಡಿಗ್ರಿ,
ಬಸುರಿನೊಳಗಿನಷ್ಟೇ ಬಿಸಿ.
ಕುರಿಯ ನೆತ್ತರು ಬೆರೆಸಿ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ
ರಾತ್ರಿಯಿಡೀ ಮೈನೆರೆದು ಕೂತಿವೆ
ಸಾಸಿವೆಗಾತ್ರದ, ಹೊಳೆಯುವ, ಹೊಂಬಣ್ಣದ ಚುಕ್ಕೆಗಳು.

ಚಿನ್ನದಂಥದ್ದು ಎಂದೇ ಅದರ ಹೆಸರು, ಲ್ಯಾಟಿನ್ನಿನಲ್ಲಿ.
ಮೂರನೇ ಮಹಡಿಯಲ್ಲಿ ನೇತ್ರಾವತಿಯೂ
ಹನ್ನೊಂದು ದಿನದ ಕೂಸಿಗೆ ಅದನ್ನೇ ಅನ್ನುತ್ತಾಳೆ:
ಚಿನ್ನ. ನನ್ನ ಚಿನ್ನ.
ಗಾಜಿನಾಚೆಯ ಕೂಸಿಗೆ. ಹೊಕ್ಕುಳ ಸುತ್ತ ಕೆಂಪು,
ತೊಡೆಸಂದಿಯಲ್ಲಿ ಕೀವುಗುಳ್ಳೆ.

ಇನ್ನೊಂದು ತಟ್ಟೆಯಲ್ಲಿ ನಿನ್ನೆ ಬಿಲ್ಲೆಗಳನ್ನಿಟ್ಟಿದ್ದೆ,
ಒಂದೊಂದರಲ್ಲೂ ಒಂದೊಂದು ಔಷಧಿ.
ಮಾತು ಕೇಳುವ ಜೀವಿಯಾದರೆ ಸುತ್ತ ಬಯಲು ಬಿಟ್ಟು ನಿಲ್ಲುತ್ತದೆ,
ದೊಡ್ಡವರು ಕೂತ ಜಗುಲಿಯಿಂದ ದೂರ ನಿಂತ ಮಕ್ಕಳ ಹಾಗೆ.
ಇದು ನಿಂತಿಲ್ಲ.
ಸೆಫಾಕ್ಸಿಟಿನ್ನಿನ ಅಂಚಿಗೇ ಬಂದು ತೆಕ್ಕೆಬಿದ್ದಿದೆ.
ಸ್ಕೇಲಿಟ್ಟೆ: ಆರು ಮಿಲಿಮೀಟರ್.
ಅಂದರೆ ಬಿಲ್ಲೆಯಷ್ಟೇ ಅಗಲ. ಅಂದರೆ ಏನೂ ಇಲ್ಲ.
ತಾಯಿಯ ಎಡ ಮೊಲೆಯ ಕೀವು, ಇದೇ.
ಮಗುವಿನ ಹೊಕ್ಕುಳು, ಇದೇ.
ಲಿನೆಜೋಲಿಡ್ಡಿನ ಸುತ್ತ ಮಾತ್ರ
ಹತ್ತು ರೂಪಾಯಿ ನಾಣ್ಯದಷ್ಟು ಖಾಲಿ ಜಾಗ.
ಫೋನೆತ್ತಿ ಮೇಲಕ್ಕೆ ಹೇಳಿದೆ: ಇದೊಂದಿದೆ.

ಎಲ್ಲಿ ಕಲಿಯಿತೋ ಇಷ್ಟು ಮೊಂಡುತನ.
ಚೀಟಿಯಿಲ್ಲದೆ ಕೊಂಡ ಆರು ಮಾತ್ರೆಯಲ್ಲಿ ಮೂರು ನುಂಗಿ
ಜ್ವರ ಬಿಟ್ಟಿತೆಂದು ಉಳಿದದ್ದನ್ನು
ಗಡಿಯಾರದ ಹಿಂದೆ ಸಿಕ್ಕಿಸಿಟ್ಟವರು ಯಾರೋ.
ಅವರ ಮೈಯಲ್ಲಿ ಸಾಯದೆ ಉಳಿದದ್ದು
ಬದುಕುವ ಉಪಾಯವನ್ನು ಪಕ್ಕದ್ದಕ್ಕೆ ಹೇಳಿಕೊಟ್ಟಿದೆ,
ಬೇಲಿಯ ಮೇಲಿಂದ ಸಾರಿನಪುಡಿಯ ಅಳತೆ ಹೇಳಿಕೊಟ್ಟ ಹಾಗೆ.

ಆನಂದಪುರದಿಂದ ಬಂದ ಅತ್ತೆ ಗುತ್ಯಮ್ಮ
ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ:
"ನಮ್ಮ ಮನೇಲಿ ಯಾರಿಗೂ ಇಂಥದ್ದಿಲ್ಲ.
ಇವಳದ್ದು ಮೂಲಾ ನಕ್ಷತ್ರ, ಆವತ್ತೇ ಅಂದಿದ್ದೆ.
ಹಾಲೇ ನಂಜು."
ಹೇಳಿ, ಗಾಜಿಗೆ ಮೂಗೊತ್ತಿ ನಿಂತಳು ಕೂಸನ್ನು ನೋಡುತ್ತ.
ಉಸಿರು ಬಿಟ್ಟಲ್ಲಿ ಮಬ್ಬು; ಸೆರಗಿನಿಂದ ಒರೆಸಿದಳು.
ನೇತ್ರಾವತಿ ಏನೂ ಅನ್ನಲಿಲ್ಲ.
ಸ್ಟೀಲ್ ಲೋಟಕ್ಕೆ ಹಿಂಡಿದ ಹಾಲನ್ನು ಬಚ್ಚಲಿಗೆ ಚೆಲ್ಲುವಾಗ
ನಲ್ಲಿ ಬಿಟ್ಟುಕೊಂಡಿದ್ದಳಂತೆ,
ಚೆಲ್ಲಿದ ಸದ್ದು ಯಾರಿಗೂ ಕೇಳದಿರಲಿ ಅಂತ.

ಸೋಂಕಿನ ಫಾರಮ್ಮಿನಲ್ಲಿ ಏಳನೆಯ ಕಾಲಂ: ಮೂಲ.
ನನ್ನ ಮೇಜಿಗೆ ಬರುವ ಮೊದಲೇ
ಯಾರೋ ಪೆನ್ಸಿಲ್ ಒತ್ತಿ ಬರೆದಿದ್ದಾರೆ: ತಾಯಿ.

ಮಂಗಳವಾರ ಎಲ್ಲರ ಮೂಗಿಗೂ ಹತ್ತಿಕಡ್ಡಿ.
ನರ್ಸುಗಳು, ಆಯಾ ಚೌಡಮ್ಮ,
ಕೂಸುಗಳನ್ನು ತೂಗುವ ತಕ್ಕಡಿಯ ಬಟ್ಟೆ.
ಲೆಕ್ಕಕ್ಕಿರಲಿ ಎಂದು ನಾನೂ.
(ವಾರದ ಹಿಂದೆ ಸ್ಯಾಂಪಲ್ಲಿಗೆಂದು ಮೇಲೆ ಹೋದಾಗ
ಆ ಕೂಸು ನನ್ನ ಕಿರುಬೆರಳು ಹಿಡಿದಿತ್ತು. ಕೈಗವಸು ಮುಗಿದಿದ್ದವು.
ಬಿಡಿಸಿಕೊಳ್ಳಲು ನಾನೂ ಅವಸರ ಮಾಡಲಿಲ್ಲ.)

ಶುಕ್ರವಾರ, ಹದಿನಾಲ್ಕನೆಯ ತಟ್ಟೆ, ನನ್ನದು.
ಹೊಂಬಣ್ಣ. ಆರು ಮಿಲಿಮೀಟರ್.
ಎಷ್ಟು ದಿನದಿಂದಲೋ ಉಸಿರಿನ ಹೊಸಿಲಲ್ಲೇ ಬಿಡಾರ,
ನನಗೊಂದು ಸೀನೂ ತರಿಸದೆ.
ಅವರಿಗೆ ನಾನು ಕೊಟ್ಟೆನೋ, ಅವರಿಂದ ತಂದೆನೋ,
ಮೂವರಿಗೂ ಇನ್ನಾರೋ ಹಂಚಿದರೋ.
ತಟ್ಟೆಗೆ ಊರು ಗೊತ್ತು, ದಾರಿ ಗೊತ್ತಿಲ್ಲ.
ಕಿಟಕಿಯಾಚೆ ಸಾಗರದ ಬಸ್ಸು ಹಾರ್ನ್ ಹೊಡೆಯಿತು.
ಬೆಳಿಗ್ಗೆ ಜಡೆ ಹಾಕಿ, ಮಗಳ ನೆತ್ತಿಗೆ ಮೂಗೊತ್ತಿ ಬಂದಿದ್ದೆ.

ಮೂಗಿಗೆ ಹಚ್ಚಲು ಮುಲಾಮು ಕೊಟ್ಟಿದ್ದಾರೆ, ಐದು ದಿನ.
ಐದೂ ದಿನ ಹಚ್ಚುತ್ತೇನೆ.
ಮೂರನೇ ದಿನಕ್ಕೆ ಬಿಡುವ ಅಭ್ಯಾಸ
ನಮ್ಮ ಮನೆಯ ಗಡಿಯಾರದ ಹಿಂದೆಯೂ ಇದೆ.

ಮಗಳ ಹಳೇ ರಬ್ಬರು ಪರ್ಸಿನಲ್ಲಿತ್ತು.
ಏಳನೆಯ ಕಾಲಮ್ಮನ್ನು ಉಜ್ಜಿದೆ.
ಮೇಲೆ ಪೆನ್ನಿನಲ್ಲಿ ಬರೆದೆ: ಗೊತ್ತಿಲ್ಲ.
ಅದರಡಿಯಲ್ಲಿ ಒತ್ತಿದ ಗುರುತು ಹಾಗೇ ಇದೆ,
ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ
ಈಗಲೂ ಓದಬಹುದು.